ರೀಪರ್ 7: ಮೀಟರಿಗೆ ನಾನೇ ಬಣ್ಣ ಹಚ್ಚಿಕೊಂಡೆ

ಮೊದಲೇ ಹೇಳಿಬಿಡುತ್ತೇನೆ, ಇದು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಪೂರ್ತಿ ರಿವ್ಯೂ ಅಲ್ಲ. ಎಷ್ಟು ಪ್ಲಗಿನ್ ಎಳೆಯುತ್ತದೆ, ಮಿಡಿ ಹೇಗಿದೆ, ಲೇಟೆನ್ಸಿ ಎಷ್ಟು, ಇದನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಬರೆಯುವುದು ಬರೀ ಅದರ ಬಣ್ಣದ ಬಗ್ಗೆ. ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಬಣ್ಣ ನೋಡಿ ಯಾರಾದರೂ ದುಡ್ಡು ಕೊಡುತ್ತಾರಾ ಅಂತ ನಗಬೇಡಿ. ನಾನು ಕೊಟ್ಟಿದ್ದೇನೆ.

ನಾನಿರುವುದು ಡೊಂಬಿವಲಿ ಈಸ್ಟ್‌ನಲ್ಲಿ. ಹಗಲು ಮುಂಬೈಯ ಫೋರ್ಟ್‌ನಲ್ಲಿ ಲೆಕ್ಕ ಬರೆಯುವ ಕೆಲಸ, ರಾತ್ರಿ ಮತ್ತು ಭಾನುವಾರ ರೆಕಾರ್ಡಿಂಗ್. ಮುಂಬೈಯಲ್ಲಿ ನಮ್ಮವರ ಕಾರ್ಯಕ್ರಮಗಳಿಗೆ ಬರಗಾಲ ಇಲ್ಲ ಅಲ್ವಾ. ತಾಳಮದ್ದಲೆ, ಭಜನೆ, ತುಳು ನಾಟಕ, ಸಂಘದ ವಾರ್ಷಿಕೋತ್ಸವ. ಯಾರಾದರೂ ಫೋನ್ ಮಾಡಿ "ನಿನ್ನ ಆ ಮೆಷಿನ್ ತಗೊಂಡು ಬಾ ಮಾರಾಯ" ಅನ್ನುತ್ತಾರೆ, ನಾನು ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್ (ಮೈಕಿನ ಧ್ವನಿಯನ್ನು ಲ್ಯಾಪ್‌ಟಾಪಿಗೆ ಕಳಿಸುವ ಡಬ್ಬಿ), ನಾಲ್ಕು ಮೈಕ್, ಒಂದು ರಾಶಿ ಕೇಬಲ್ ಎಲ್ಲ ಬ್ಯಾಗಿಗೆ ತುಂಬಿ ಲೋಕಲ್ ಹತ್ತುತ್ತೇನೆ. ಸಂಭಾವನೆ ಒಮ್ಮೆ ಕವರಿನಲ್ಲಿ ಬರುತ್ತದೆ, ಒಮ್ಮೆ ಶಾಲಿನಲ್ಲಿ ಮುಗಿಯುತ್ತದೆ, ಇನ್ನೊಮ್ಮೆ ಮಾಟುಂಗದ ಇಡ್ಲಿ ಸಾಂಬಾರಿನಲ್ಲಿ.

ಇನ್ನೊಂದು ವಿಷಯ ಹೇಳದೆ ಮುಂದಿನದ್ದು ಅರ್ಥವಾಗುವುದಿಲ್ಲ. ನನಗೆ ಕೆಂಪು-ಹಸಿರು ಸರಿಯಾಗಿ ಬೇರೆ ಬೇರೆ ಕಾಣುವುದಿಲ್ಲ. ಹಣ್ಣಾದ ಟೊಮೇಟೊ ಕಾಣುತ್ತದೆ, ಬಾಳೆ ಎಲೆ ಕಾಣುತ್ತದೆ, ಆದರೆ ಕಡು ಹಸಿರು, ಕಂದು, ಮಂದ ಕೆಂಪು ಮೂರನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ತಾಯಿಯ ಮಕ್ಕಳ ಹಾಗೆ. ಇದು ಗೊತ್ತಾಗಿದ್ದೇ ಇಪ್ಪತ್ತೆರಡನೇ ವಯಸ್ಸಿನಲ್ಲಿ, ಒಂದು ಕೆಲಸದ ಮೆಡಿಕಲ್‌ನಲ್ಲಿ. ಡಾಕ್ಟರ್ ಬಣ್ಣಬಣ್ಣದ ಚುಕ್ಕೆ ತುಂಬಿದ ವೃತ್ತಗಳ ಪುಸ್ತಕ ತೆರೆದರು. ಜಪಾನಿನ ಶಿನೋಬು ಇಶಿಹಾರ 1917ರಲ್ಲಿ ಪ್ರಕಟಿಸಿದ ಆ ಪರೀಕ್ಷೆ, ಇವತ್ತಿಗೂ ಎಲ್ಲ ಕಡೆ ಅದೇ. "ಯಾವ ನಂಬರ್?" ಅಂದರು. "ಎಲ್ಲಿದೆ ನಂಬರ್?" ಅಂದೆ. ಕೆಲಸ ಅಲ್ಲಿಗೇ ಮುಗಿಯಿತು.

ಇದೇನು ಅಪರೂಪದ ಕಾಯಿಲೆ ಅಲ್ಲ. ಯುರೋಪಿನ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಇದೆ, ಹೆಂಗಸರಲ್ಲಿ 200ಕ್ಕೆ ಒಬ್ಬರಿಗೆ. ಇದರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್‌ನಲ್ಲಿ, ಗಂಡಸರಿಗೆ ಅದು ಒಂದೇ ಇರುತ್ತದೆ, ಅದಕ್ಕೇ ಈ ವ್ಯತ್ಯಾಸ. ಮ್ಯೂಸಿಕ್ ಸಾಫ್ಟ್‌ವೇರ್ ಮಾಡುವ ಹೆಚ್ಚಿನ ಕಂಪನಿಗಳು ಯುರೋಪ್, ಅಮೆರಿಕದವು. ಹನ್ನೆರಡು ಗಂಡಸರು ಮಿಕ್ಸ್ ಮಾಡಲು ಕೂತರೆ ಅವರಲ್ಲಿ ಒಬ್ಬ ನನ್ನಂಥವನು ಅಂದ ಹಾಗಾಯಿತು. ಆದರೂ ಲೆವೆಲ್ ಮೀಟರ್, ಅಂದರೆ ಧ್ವನಿ ಎಷ್ಟು ಜೋರಿದೆ ಅಂತ ತೋರಿಸುವ ಪಟ್ಟಿ, ಯಾವಾಗಲೂ ಹಸಿರು, ಹಳದಿ, ಕೆಂಪು. ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ.

ಮುಂಬೈ ಲೋಕಲ್‌ನಲ್ಲಿ ಫಸ್ಟ್ ಕ್ಲಾಸ್ ಡಬ್ಬಿಗೆ ಕೆಂಪು-ಹಳದಿ ಓರೆ ಪಟ್ಟೆ, ಲೇಡೀಸ್ ಡಬ್ಬಿಗೆ ಹಸಿರು-ಹಳದಿ ಓರೆ ಪಟ್ಟೆ. ಓಡುತ್ತಾ ಬರುವ ಗಾಡಿಯಲ್ಲಿ ನನಗೆ ಎರಡೂ ಒಂದೇ. ಇಷ್ಟು ವರ್ಷ ಪೆಟ್ಟು ತಿನ್ನದೆ ಉಳಿದಿದ್ದೇನೆ ಅಂದರೆ ಅದಕ್ಕೆ ಕಾರಣ ಪಟ್ಟೆಯ ಪಕ್ಕದಲ್ಲಿರುವ ಹೆಂಗಸಿನ ಚಿತ್ರ. ಪ್ಲಾಟ್‌ಫಾರ್ಮ್ ಇಂಡಿಕೇಟರ್‌ನಲ್ಲೂ ಹಾಗೇ, ಫಾಸ್ಟ್ ಗಾಡಿಗೆ ಎಫ್, ಸ್ಲೋ ಗಾಡಿಗೆ ಎಸ್ ಅಂತ ಅಕ್ಷರವೇ ಇರುತ್ತದೆ. ಬಣ್ಣ ಇರಲಿ, ಬೇಡ ಅನ್ನುವುದಿಲ್ಲ. ಅದರ ಜೊತೆ ಒಂದು ಚಿತ್ರವೋ ಅಕ್ಷರವೋ ಇದ್ದರೆ ನಾವು ಬದುಕಿಕೊಳ್ಳುತ್ತೇವೆ. ವೆಬ್‌ಸೈಟ್‌ಗಳಿಗೆ ಡಬ್ಲ್ಯೂಸಿಎಜಿ ಅನ್ನುವ ನಿಯಮಾವಳಿ ಇದೆಯಲ್ಲ, ಅದರಲ್ಲೂ ಇದೇ ಮಾತು ಇದೆ: ಮಾಹಿತಿ ಕೊಡಲು ಬಣ್ಣವೊಂದನ್ನೇ ನಂಬಬೇಡಿ.

ಈಗ ನನ್ನ ಎರಡು ಅವಮಾನದ ಕಥೆ. ಸಾಫ್ಟ್‌ವೇರ್ ಹೆಸರು ಹೇಳುವುದಿಲ್ಲ, ಸುಮ್ನೆ ಯಾಕೆ.

ಒಂದು ತಾಳಮದ್ದಲೆ. ಭಾಗವತರಿಗೊಂದು ಮೈಕ್, ಮದ್ದಲೆಗೊಂದು, ಚಂಡೆಗೊಂದು, ಅರ್ಥಧಾರಿಗಳ ನಡುವೆ ಒಂದು. ಕೌರವನ ಅರ್ಥ ಹೇಳುತ್ತಿದ್ದವರು ಒಂದು ಗಂಟೆ ತಣ್ಣಗೆ ವಾದ ಮಾಡಿದರು. ಆಮೇಲೆ ಭೀಮನ ಮಾತಿಗೆ ಸಿಟ್ಟು ಬಂತು ನೋಡಿ, ಸ್ವರ ಏರಿತು, ಹಿಂದೆಯೇ ಚಂಡೆ ಏರಿತು. ನಾನು ಸ್ಕ್ರೀನ್ ನೋಡುತ್ತಲೇ ಇದ್ದೆ. ಮಂದ ಬೂದು ಹಿನ್ನೆಲೆಯಲ್ಲಿ ಸಣ್ಣ ಮೀಟರುಗಳು, ಮೇಲಿನ ತುದಿಯಲ್ಲಿ ಒಂದು ಕಂದು ಚುಕ್ಕೆ. ಎಲ್ಲ ಸರಿ ಇದೆ ಅಂದುಕೊಂಡೆ. ಪಕ್ಕದಲ್ಲಿ ಕೂತಿದ್ದ ಗೆಳೆಯ ಕಾರ್ಯಕ್ರಮ ಮುಗಿದ ಮೇಲೆ ಕೇಳಿದ, "ಆವಾಗಿಂದ ಕೆಂಪು ಹತ್ತಿಕೊಂಡೇ ಇತ್ತಲ್ಲ, ಅದು ಹಾಗೇ ಇರಬೇಕಾ?" ಮನೆಗೆ ಬಂದು ಕೇಳಿದರೆ ಹದಿನೆಂಟು ನಿಮಿಷ ಪೂರ್ತಿ ಕ್ಲಿಪ್, ಅಂದರೆ ಧ್ವನಿ ಮಿತಿ ಮೀರಿ ಒಡೆದುಹೋಗಿದೆ. ಇಂಟರ್‌ಫೇಸಿನೊಳಗೇ ಒಡೆದ ಧ್ವನಿಯನ್ನು ಆಮೇಲೆ ಎಷ್ಟು ತಗ್ಗಿಸಿದರೂ ಸರಿಯಾಗುವುದಿಲ್ಲ, ಒಡೆದದ್ದು ಒಡೆದದ್ದೇ. ಆ ಕೌರವ ಇವತ್ತಿಗೂ ನನ್ನ ಹಾರ್ಡ್‌ಡಿಸ್ಕಿನಲ್ಲಿ ಹರಿದ ಸ್ಪೀಕರಿನ ಹಾಗೆ ಗರ್ಜಿಸುತ್ತಿದ್ದಾನೆ.

ಇನ್ನೊಂದು ಇನ್ನೂ ಚೆಂದ. ಒಂದು ಈಕ್ಯೂ ಪ್ಲಗಿನ್ (ಧ್ವನಿಯ ಫ್ರೀಕ್ವೆನ್ಸಿಗಳನ್ನು ಎತ್ತಿ ಇಳಿಸುವ ಸಲಕರಣೆ), ಆನ್ ಇದ್ದರೆ ಹಸಿರು ದೀಪ, ಬೈಪಾಸ್ ಇದ್ದರೆ, ಅಂದರೆ ಏನೂ ಮಾಡದೆ ಧ್ವನಿಯನ್ನು ಹಾಗೇ ದಾಟಿಸುತ್ತಿದ್ದರೆ, ಕಂದು-ಕಿತ್ತಳೆ ದೀಪ. ದೀಪ ಎರಡಕ್ಕೂ ಉರಿಯುತ್ತದೆ, ಬಣ್ಣ ಮಾತ್ರ ಬೇರೆ. ಭಜನೆಯ ಧ್ವನಿ ಮಂಕಾಗಿದೆ ಅಂತ ಇಪ್ಪತ್ತು ನಿಮಿಷ ಕೂತು ಮೇಲಿನ ಫ್ರೀಕ್ವೆನ್ಸಿ ಎತ್ತಿದೆ, ಕೆಳಗಿನದ್ದು ಇಳಿಸಿದೆ, ಸೂಜಿಯಷ್ಟು ಸೂಕ್ಷ್ಮವಾಗಿ ಸರಿಮಾಡಿದೆ. ಎಷ್ಟು ಕ್ಲಿಯರ್ ಆಯಿತು ಅಂತ ನನಗೇ ಖುಷಿ. ಹಾಡಿದವರಿಗೆ ಫೋನ್ ಮಾಡಿ ಕೇಳಿಸಿದೆ, ಅವರೂ "ಹೌದು, ಈಗ ಹೊಳಪು ಬಂತು" ಅಂದರು. ಪ್ಲಗಿನ್ ಅಷ್ಟು ಹೊತ್ತೂ ಬೈಪಾಸ್‌ನಲ್ಲಿತ್ತು ಮಾರಾಯ್ರೇ. ನನ್ನ ಕಣ್ಣಿನ ದೋಷ ಸರಿ, ಹಾಡಿದವರ ಕಿವಿಗೆ ಏನಾಗಿತ್ತು?

ಇಷ್ಟಾದ ಮೇಲೆ ರೀಪರ್ ಹಾಕಿದೆ. ಅಲ್ಲಿಯವರೆಗೆ ಅದನ್ನು ನೋಡಿ ಮೂಗು ಮುರಿಯುತ್ತಿದ್ದವನು ನಾನೇ. ಮೊದಲ ಸಲ ತೆರೆದಾಗ ಸರ್ಕಾರಿ ಆಫೀಸಿನ ಗೋಡೆಯ ಹಾಗೆ ಬೂದು. ಆದರೆ ಇದನ್ನು ಮಾಡಿದವರಲ್ಲಿ ಮುಖ್ಯರು ಜಸ್ಟಿನ್ ಫ್ರಾಂಕೆಲ್, ಅಂದರೆ ವಿನ್ಯಾಂಪ್ ಮಾಡಿದವರು. ಸೈಬರ್ ಕೆಫೆ ಕಾಲದವರಿಗೆ ನೆನಪಿರಬಹುದು, ವಿನ್ಯಾಂಪ್‌ನಲ್ಲಿ ಹಾಡು ಕೇಳುವುದಕ್ಕಿಂತ ಸ್ಕಿನ್, ಅಂದರೆ ಅದರ ಹೊರನೋಟ, ಬದಲಿಸುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತಿತ್ತು. ಅದೇ ಗುಣ 2006ರ ರೀಪರ್‌ನ ಮೊದಲ ವರ್ಷನ್‌ನಿಂದ 2023ರ ಅಕ್ಟೋಬರ್‌ನಲ್ಲಿ ಬಂದ ಈ 7ನೇ ವರ್ಷನ್‌ವರೆಗೂ ಉಳಿದುಕೊಂಡಿದೆ. ಬೂದು ಬರೀ ತೊಡುವ ಅಂಗಿ. ಬಿಚ್ಚಿ ಬೇರೆ ತೊಡಬಹುದು.

ಸುಲಭದ ದಾರಿ ಆಪ್ಷನ್ಸ್ ಮೆನುವಿನಲ್ಲಿದೆ, ಥೀಮ್ಸ್ ಅಂತ. ಇರುವ ಥೀಮ್‌ಗಳ ಪಟ್ಟಿ ಬರುತ್ತದೆ, ಒತ್ತಿದ ತಕ್ಷಣ ಬದಲಾಗುತ್ತದೆ, ಮುಚ್ಚಿ ತೆರೆಯಬೇಕಾಗಿಲ್ಲ. ಅಲ್ಲೇ ಥೀಮ್ ಕಲರ್ ಕಂಟ್ರೋಲ್ಸ್ ಅನ್ನುವ ಒಂದು ಚಿಕ್ಕ ಕಿಟಕಿ ಇದೆ. ನೆರಳು, ಮಧ್ಯ, ಬೆಳಕು, ಬಣ್ಣದ ಗಾಢತೆ, ಎಲ್ಲಕ್ಕೂ ಒಂದೊಂದು ಸ್ಲೈಡರ್. ಫೋನಿನಲ್ಲಿ ಫೋಟೋ ಸರಿಮಾಡಿದ ಹಾಗೆ ಇಡೀ ಸಾಫ್ಟ್‌ವೇರನ್ನು ಸರಿಮಾಡುವುದು. ಹೆಚ್ಚಿನವರಿಗೆ ಇಷ್ಟೇ ಸಾಕು.

ನನಗೆ ಸಾಲಲಿಲ್ಲ. ಗಾಢತೆ ಎಷ್ಟು ಎಳೆದರೂ ಹಸಿರು ಹಸಿರಿನ ಜಾಗದಲ್ಲೇ, ಕೆಂಪು ಕೆಂಪಿನ ಜಾಗದಲ್ಲೇ. ಹಾಗಾಗಿ ಒಂದು ಶನಿವಾರ ರಾತ್ರಿ ಥೀಮ್ ಫೈಲನ್ನೇ ಬಿಚ್ಚಿದೆ. ಅದು ಒಂದು ಜಿಪ್ ಫೈಲ್ ಅಷ್ಟೇ. ಒಳಗೆ ರಾಶಿ ರಾಶಿ ಚಿಕ್ಕ ಪಿಎನ್‌ಜಿ ಚಿತ್ರಗಳು, ಪ್ರತಿ ಬಟನ್‌ಗೂ ಒಂದು. ಬಟನ್‌ನ ಚಿತ್ರದಲ್ಲಿ ಮೂರು ಮನೆ ಪಕ್ಕಪಕ್ಕ ಇರುತ್ತವೆ: ಸುಮ್ಮನಿರುವಾಗ ಒಂದು, ಮೌಸ್ ಮೇಲೆ ಬಂದಾಗ ಒಂದು, ಒತ್ತಿದಾಗ ಒಂದು. ಇವುಗಳ ನಡುವೆ ಮೀಟರ್ ಸ್ಟ್ರಿಪ್ ಅನ್ನುವ ಒಂದು ಉದ್ದನೆಯ ಪಟ್ಟಿ ಸಿಕ್ಕಿತು. ಝೂಮ್ ಮಾಡಿ ನೋಡಿದೆ. ನನ್ನ ಹದಿನೆಂಟು ನಿಮಿಷ ತಿಂದ ರಾಕ್ಷಸನ ಜಾತಿ ಇದೇ, ಇಷ್ಟೇ ಇಷ್ಟು ಚಿತ್ರ, ಹೆಬ್ಬೆರಳಿನಷ್ಟು.

ಯಕ್ಷಗಾನದ ಚೌಕಿಯಲ್ಲಿ ಕೂತವರಿಗೆ ಗೊತ್ತು, ವೇಷಧಾರಿ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ, ಇನ್ನೊಬ್ಬರು ಬರೆದು ಕಳಿಸುವುದಿಲ್ಲ. ಹಾಗೇ ಕೂತೆ ನಾನೂ. ಕೆಳಗಿನ ಭಾಗಕ್ಕೆ ಕಡು ನೀಲಿ. ಮಧ್ಯಕ್ಕೆ ತಿಳಿ ನೀಲಿ. ಮೇಲೆ ಹೋದಂತೆ ಹಳದಿ. ಕೊನೆಯ ತುದಿಗೆ ಬಿಳಿ, ಅದರ ಮೇಲೆ ಕಪ್ಪು ಅಡ್ಡ ಗೆರೆ, ರಸ್ತೆಯ ಝೀಬ್ರಾ ಪಟ್ಟೆಯ ಹಾಗೆ. ನೀಲಿ ಮತ್ತು ಹಳದಿ ಯಾಕೆ ಅಂದರೆ ಕೆಂಪು-ಹಸಿರು ಗೊಂದಲ ಇರುವ ನಮ್ಮಂಥವರಿಗೆ ಈ ಎರಡು ಚೆನ್ನಾಗಿ ಬೇರೆಯಾಗಿ ಕಾಣುತ್ತವೆ. ಇನ್ನೊಂದು, ಕೆಳಗಿನಿಂದ ಮೇಲಕ್ಕೆ ಬಣ್ಣ ಬದಲಾಗುವುದಷ್ಟೇ ಅಲ್ಲ, ಬೆಳಕೂ ಏರುತ್ತದೆ. ಸ್ಕ್ರೀನನ್ನು ಪೂರ್ತಿ ಕಪ್ಪು-ಬಿಳುಪು ಮಾಡಿದರೂ ಓದಬಹುದು. ನನ್ನ ಪ್ರಕಾರ ಯಾವ ಮೀಟರಿಗೂ ಇದೇ ಪರೀಕ್ಷೆ.

ಮೊದಲ ಪ್ರಯತ್ನದಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಬಟನ್‌ಗಳನ್ನೂ ಒಂದು ಕೈ ನೋಡೋಣ ಅಂತ ಹೊರಟರೆ ಕೆಲವು ಚಿತ್ರಗಳ ಅಂಚಿನಲ್ಲಿ ಒಂದು ಪಿಕ್ಸೆಲ್ ಅಗಲದ ಗೆರೆ. ಮಾಸಲು ನೀಲಿ ಗೆರೆ, ಯಾರೋ ಒರೆಸಲು ಮರೆತದ್ದು ಅಂದುಕೊಂಡು ನೀಟಾಗಿ ಅಳಿಸಿದೆ. ಸಾಫ್ಟ್‌ವೇರ್ ತೆರೆದರೆ ಬಟನ್‌ಗಳು ಲಟ್ಟಣಿಗೆ ಹರಿದ ಚಪಾತಿಯ ಹಾಗೆ ಎಲ್ಲೆಲ್ಲೋ ಎಳೆದುಕೊಂಡಿವೆ. ಅದು ನೀಲಿ ಅಲ್ಲ, ಕಣ್ಣು ಕುಕ್ಕುವ ಗುಲಾಬಿಯಂತೆ, ಚಿತ್ರದ ಯಾವ ಭಾಗ ಹಿಗ್ಗಬಹುದು ಯಾವುದು ಹಿಗ್ಗಬಾರದು ಅಂತ ಪ್ರೋಗ್ರಾಮಿಗೆ ಹೇಳುವ ಗುರುತಂತೆ. ಹೆಂಡತಿ ಬಂದು ನೋಡಿ ಹೇಳಿದಳು. ಬಣ್ಣ ಕಾಣದವನು ಬಣ್ಣ ಬಳಿಯಲು ಕೂತರೆ ಹೀಗೇ. ಮೂಲ ಫೈಲಿನ ಒಂದು ಕಾಪಿ ಬೇರೆ ಹೆಸರಿನಲ್ಲಿ ಇಟ್ಟುಕೊಂಡೇ ಶುರುಮಾಡಿ, ನನ್ನ ಹಾಗೆ ಮಾಡಬೇಡಿ.

ಪ್ರತಿ ಟ್ರ್ಯಾಕಿಗೂ, ಅಂದರೆ ಒಂದೊಂದು ಮೈಕಿನ ಧ್ವನಿ ಇರುವ ಸಾಲಿಗೂ, ಬಣ್ಣ ಕೊಡಬಹುದು. ಆದರೆ ನನಗೆ ಅದಕ್ಕಿಂತ ಇಷ್ಟವಾದದ್ದು ಟ್ರ್ಯಾಕ್ ಐಕಾನ್. ಪ್ರತಿ ಟ್ರ್ಯಾಕಿಗೂ ಒಂದು ಚಿಕ್ಕ ಚಿತ್ರ ಅಂಟಿಸಬಹುದು. ನಾನು ಫೋನಿನಲ್ಲಿ ತೆಗೆದ ಚಂಡೆಯ ಫೋಟೋ, ಮದ್ದಲೆಯ ಫೋಟೋ, ಜಾಗಟೆಯ ಫೋಟೋ ಕತ್ತರಿಸಿ ಹಾಕಿಕೊಂಡಿದ್ದೇನೆ. ಲೇಡೀಸ್ ಡಬ್ಬಿಯ ಚಿತ್ರ ಹೇಳಿದೆನಲ್ಲ, ಅದೇ ಉಪಾಯ. ಎಸ್‌ಡಬ್ಲ್ಯೂಎಸ್ ಅನ್ನುವ ಉಚಿತ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಟ್ರ್ಯಾಕಿನ ಹೆಸರು ನೋಡಿ ಬಣ್ಣ, ಐಕಾನ್ ಎರಡನ್ನೂ ತಾನಾಗಿಯೇ ಹಾಕುತ್ತದೆ, ಒಮ್ಮೆ ನಿಯಮ ಬರೆದಿಟ್ಟರೆ ಸಾಕು. ಸ್ಪೆಕ್ಟ್ರಲ್ ಪೀಕ್ಸ್ ಅನ್ನುವ ಇನ್ನೊಂದು ಸೌಲಭ್ಯ ಇದೆ, ವೇವ್‌ಫಾರ್ಮ್‌ಗೇ (ಧ್ವನಿಯ ಅಲೆಯ ಚಿತ್ರಕ್ಕೇ) ಫ್ರೀಕ್ವೆನ್ಸಿ ಪ್ರಕಾರ ಬಣ್ಣ ಬರುತ್ತದೆ. ಕಣ್ಣು ಸರಿ ಇರುವ ಗೆಳೆಯ ಅದರಲ್ಲಿ ಕೆಮ್ಮು ಎಲ್ಲಿದೆ, ಚಂಡೆಯ ಪೆಟ್ಟು ಎಲ್ಲಿದೆ ಅಂತ ಕೇಳದೆಯೇ ಹುಡುಕುತ್ತಾನೆ. ನನಗೆ ಅದು ಕಲಸಿದ ಚಿತ್ರಾನ್ನ. ಆಫ್ ಮಾಡಿಟ್ಟಿದ್ದೇನೆ.

ಈಗ ಕಪ್ಪು ಥೀಮ್ ವಿಚಾರ. ಹತ್ತು ವರ್ಷದಿಂದ ಈಚೆಗೆ ಎಲ್ಲರಿಗೂ ಕಪ್ಪೇ ಬೇಕು. ಸ್ಟುಡಿಯೋದಲ್ಲಿ ಬೆಳಕು ಕಡಿಮೆ, ಅಲ್ಲಿ ಕಪ್ಪು ಸರಿ. ಕ್ಲಬ್ಬಿನಲ್ಲಿ ಡಿಜೆಗಳಿಗೂ ಸರಿ. ಡೊಂಬಿವಲಿಯ ಹಾಲ್‌ನಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ? ನನ್ನ ಬೆನ್ನ ಹಿಂದೆ ಕಿಟಕಿ. ಕಪ್ಪು ಥೀಮ್ ಹಾಕಿದರೆ ಸ್ಕ್ರೀನ್ ಕನ್ನಡಿಯಾಗುತ್ತದೆ. ಭಾಗವತರ ಟ್ರ್ಯಾಕಿನ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಮದ್ದಲೆಯ ಮೇಲೆ ಒಣಹಾಕಿದ ಟವೆಲ್, ಧ್ವನಿ ಏರಿಳಿಸುವ ಫೇಡರ್ ಎಲ್ಲಿ ಅಂತ ಹುಡುಕುವಾಗ ನನ್ನದೇ ಮುಖ ನನ್ನನ್ನು ನೋಡುತ್ತದೆ. ಅದರ ಮೇಲೆ ಕಡು ಬೂದು ಹಿನ್ನೆಲೆಯಲ್ಲಿ ತಿಳಿ ಬೂದು ಅಕ್ಷರ ಹಾಕುವ ಫ್ಯಾಷನ್ ಬೇರೆ. ಅದೇ ಡಬ್ಲ್ಯೂಸಿಎಜಿ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಬೇಕು. ಎಷ್ಟೋ ಚೆಂದದ ಥೀಮ್‌ಗಳು ಇದರಲ್ಲಿ ಪಾಸಾಗುವುದಿಲ್ಲ ಅಂತ ನನಗೆ ಅನುಮಾನ.

ಇನ್ನೊಂದು ಕಡೆ ಕಪ್ಪಿನ ಮೇಲೆ ಅಚ್ಚ ಬಿಳಿ ಅಕ್ಷರವೂ ಎಲ್ಲರಿಗೂ ಆಗಿ ಬರುವುದಿಲ್ಲ. ಕತ್ತಲಲ್ಲಿ ಕಣ್ಣಿನ ಪಾಪೆ ದೊಡ್ಡದಾಗುತ್ತದೆ, ಅಸ್ಟಿಗ್ಮಾಟಿಸಂ (ಕಣ್ಣಿನ ಬಾಗು ಸಮವಾಗಿಲ್ಲದ ದೋಷ) ಇದ್ದವರಿಗೆ ಅಕ್ಷರದ ಸುತ್ತ ಬಿಳಿ ಮಂಜು ಹರಡಿದ ಹಾಗೆ ಕಾಣುತ್ತದೆ. ನನ್ನ ಹೆಂಡತಿಗೆ ಅದು ಇದೆ. ಒಂದೇ ಮನೆಯಲ್ಲಿ ಎರಡು ಜೋಡಿ ಕಣ್ಣು, ಎರಡಕ್ಕೂ ಬೇರೆ ಬೇರೆ ತಕರಾರು. ಹಾಗಾಗಿ ನಾನು ಹಗಲಿಗೆ ತಿಳಿ ಬೂದು ಥೀಮ್, ರಾತ್ರಿಗೆ ಕಡು ಥೀಮ್ ಇಟ್ಟುಕೊಂಡಿದ್ದೇನೆ, ಎರಡರಲ್ಲೂ ಮೀಟರ್ ನನ್ನದೇ. ರಾತ್ರಿ ಲ್ಯಾಪ್‌ಟಾಪಿನ ನೈಟ್ ಲೈಟ್ ತಾನಾಗಿ ಹತ್ತಿ ಎಲ್ಲ ಹಳದಿ ಮಾಡುತ್ತದೆ, ಎಡಿಟಿಂಗ್ ವೇಳೆ ಅದನ್ನು ಆಫ್ ಮಾಡಿಕೊಳ್ಳಿ. ನನ್ನ ಹಳದಿ ಮತ್ತು ಬಿಳಿ ಒಂದಾಗಿಬಿಟ್ಟಿದ್ದವು.

ಕಣ್ಣಿನ ಮಾತಾಯಿತು. ಕಿವಿಯ ಮೇಲೂ ಬಣ್ಣ ಕೈ ಆಡಿಸುತ್ತದೆ. 2008ರಲ್ಲಿ ಜರ್ಮನಿಯ ಸಂಶೋಧಕರು ಕಾರಿನ ಶಬ್ದ ಕೇಳಿಸುತ್ತಾ ಬೇರೆ ಬೇರೆ ಬಣ್ಣದ ಕಾರಿನ ಚಿತ್ರ ತೋರಿಸಿದ ಪ್ರಯೋಗ ಪ್ರಕಟಿಸಿದರು. ಶಬ್ದ ಅಷ್ಟೇ ಇದ್ದರೂ ಕೆಂಪು ಕಾರು ತೋರಿಸಿದಾಗ ಜೋರು ಅಂದವರು ಇದ್ದರು, ತಿಳಿ ಹಸಿರು ತೋರಿಸಿದಾಗ ಮೆದು ಅಂದರು. ವ್ಯತ್ಯಾಸ ಸಣ್ಣದು. ಆದರೆ ಮಿಕ್ಸಿಂಗ್‌ನಲ್ಲಿ ನಾವು ಜಗಳ ಆಡುವುದೇ ಒಂದು ಡಿಬಿ (ಡೆಸಿಬೆಲ್, ಧ್ವನಿಯ ಜೋರಿನ ಅಳತೆ), ಅರ್ಧ ಡಿಬಿಗೆ ತಾನೇ? ಇದನ್ನು ಓದಿದ ಮೇಲೆ ಗೆಳೆಯ ಒಂದು ಪ್ರಾಜೆಕ್ಟ್ ತೆರೆದು ನೋಡಿದ, ಚಂಡೆಗೆ ಕಡು ಕೆಂಪು ಕೊಟ್ಟಿದ್ದಾನೆ, ಎಲ್ಲದಕ್ಕಿಂತ ಕೆಳಗೆ ಇಳಿಸಿಯೂ ಇದ್ದಾನೆ. ಅದು ಕೆಂಪಿನ ಕೆಲಸವೋ ಚಂಡೆಯದೋ ಹೇಳುವುದು ಕಷ್ಟ. ಚಂಡೆ ಯಾವ ಬಣ್ಣದಲ್ಲೂ ಜೋರೇ. ನಾನಂತೂ ಕೊನೆಯ ಸಲ ಕೇಳುವಾಗ ಲ್ಯಾಪ್‌ಟಾಪ್ ತಿರುಗಿಸಿಟ್ಟು ಕಿಟಕಿಯ ಹೊರಗೆ ನೋಡುತ್ತಾ ಕೇಳುತ್ತೇನೆ. ಬೈಪಾಸ್ ಭಜನೆಯ ಪಾಠ ಅದು.

ಬೇರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳ ಕಥೆ ಏನು ಅಂತ ಕೇಳಬಹುದು. ಪ್ರೊ ಟೂಲ್ಸ್‌ಗೆ ಡಾರ್ಕ್ ಥೀಮ್ ಬಂದಿದ್ದು 2020ರ ನವೆಂಬರ್ ವರ್ಷನ್‌ನಲ್ಲಿ. ಎಫ್‌ಎಲ್ ಸ್ಟುಡಿಯೋ 2022ರ ಡಿಸೆಂಬರ್‌ನ 21ನೇ ವರ್ಷನ್‌ನಲ್ಲಿ ಥೀಮ್ ಬದಲಿಸಲು ಕೊಟ್ಟಿತು, ಹುಡುಗರಿಗೆ ಹಬ್ಬ. ಏಬಲ್‌ಟನ್ ಲೈವ್ 12, 2024ರದ್ದು, ನನಗೆ ಹಿಡಿಸಿತು. ಅದರಲ್ಲಿ ಹೈ ಕಾಂಟ್ರಾಸ್ಟ್ ಆಯ್ಕೆ ಇದೆ, ಜೊತೆಗೆ ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ (ಸ್ಕ್ರೀನಿನಲ್ಲಿ ಇರುವುದನ್ನು ಓದಿ ಹೇಳುವ ಪ್ರೋಗ್ರಾಂ) ಬೆಂಬಲವನ್ನೂ ತಂದರು. ರೀಪರ್‌ನಲ್ಲಿ ಆ ಕೆಲಸಕ್ಕೆ ಒಸಾರಾ ಅನ್ನುವ ಉಚಿತ ಎಕ್ಸ್‌ಟೆನ್ಷನ್ ಇದೆ, ಪೂರ್ತಿ ಕುರುಡರು ಅದರಿಂದ ರೆಕಾರ್ಡಿಂಗ್, ಮಿಕ್ಸಿಂಗ್ ಎಲ್ಲ ಮಾಡುತ್ತಾರೆ. ಆದರೆ ಮೀಟರಿನ ಚಿತ್ರವನ್ನೇ ಬಿಚ್ಚಿ ಕೈಗೆ ಕೊಡುವಷ್ಟು ಧಾರಾಳಿ ನನಗೆ ಸಿಕ್ಕಿದ್ದು ರೀಪರ್ ಒಂದೇ.

ಕೊರತೆ ಇಲ್ಲವೇ ಅಂದರೆ ಇದೆ. ಬಣ್ಣದ ಸೆಟ್ಟಿಂಗ್ ನಾಲ್ಕು ಕಡೆ ಚದುರಿದೆ, ಹೊಸಬರು ಮೆನುವಿನೊಳಗೆ ದಾರಿ ತಪ್ಪುವುದು ಖಂಡಿತ. ಬಣ್ಣದ ದೋಷ ಇರುವವರಿಗೆ ಅಂತಲೇ ಒಂದು ಸ್ವಿಚ್ ಇಟ್ಟಿದ್ದರೆ ನನ್ನ ಶನಿವಾರ ಉಳಿಯುತ್ತಿತ್ತು. ಬಳಕೆದಾರರು ಮಾಡಿ ಹಂಚುವ ಥೀಮ್‌ಗಳು ಬೇಕಾದಷ್ಟಿವೆ, ಅರ್ಧಕ್ಕರ್ಧ ವಿಮಾನದ ಕಾಕ್‌ಪಿಟ್ ಆಗಲು ಹೊರಟಂಥವು. ಇಳಿಸಿಕೊಂಡು ನೋಡಿ ಖುಷಿಪಡಿ, ಕೆಲಸಕ್ಕೆ ಮಾತ್ರ ಡಿಫಾಲ್ಟ್ ಥೀಮನ್ನೇ ತಿದ್ದಿಕೊಳ್ಳಿ.

ಬೆಲೆ: ನಮ್ಮಂಥ ಚಿಲ್ಲರೆ ಜನಕ್ಕೆ 60 ಡಾಲರ್, ಅಂದರೆ 5,000 ರೂಪಾಯಿಯ ಆಚೆ ಈಚೆ. ದೊಡ್ಡ ವ್ಯಾಪಾರದವರಿಗೆ 225 ಡಾಲರ್. 60 ದಿನ ಪೂರ್ತಿ ಸಾಫ್ಟ್‌ವೇರನ್ನು ಸುಮ್ನೆ ಬಳಸಿ ನೋಡಬಹುದು, ಯಾವುದನ್ನೂ ಬೀಗ ಹಾಕಿಟ್ಟಿಲ್ಲ. ಈಗ 7ಕ್ಕೆ ಕೊಟ್ಟ ದುಡ್ಡು 8ನೇ ವರ್ಷನ್ ಮುಗಿಯುವವರೆಗೂ ನಡೆಯುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ಕಳೆದ ತಿಂಗಳು ಮತ್ತೊಂದು ತಾಳಮದ್ದಲೆ ಇತ್ತು, ಅದೇ ಅರ್ಥಧಾರಿ. ಸ್ವರ ಏರುತ್ತಿದ್ದ ಹಾಗೇ ಹಳದಿ ಮೇಲೆ ಬರುವುದು ಕಂಡಿತು, ಝೀಬ್ರಾ ಪಟ್ಟೆ ಮುಟ್ಟುವ ಮೊದಲೇ ಗೇನ್, ಅಂದರೆ ಮೈಕಿನಿಂದ ಬರುವ ಧ್ವನಿಯ ಮಟ್ಟ, ಇಳಿಸಿದೆ. ಪಕ್ಕದಲ್ಲಿದ್ದ ಗೆಳೆಯ ಬಗ್ಗಿ ನೋಡಿ, "ಇದೆಂಥ ಮೀಟರ್ ಮಾರಾಯ, ನನಗೆ ಒಂದೂ ಅರ್ಥವಾಗುತ್ತಿಲ್ಲ" ಅಂದ. ಅವನಿಗೆಂದು ಹಸಿರು-ಕೆಂಪಿನ ಹಳೆಯ ಥೀಮ್ ಒಂದನ್ನು ಬೇರೆಯಾಗಿ ಇಟ್ಟಿದ್ದೇನೆ. ಅವನು ಮನೆಗೆ ಬಂದಾಗ ಅದನ್ನು ಹಾಕಿ ಕೊಡುತ್ತೇನೆ, ಹೋದ ಮೇಲೆ ನನ್ನದು.